ಕೃತ್ರಿಮವನ: ಆಂಗ್ಲರ ಪಾರ್ಕೂ ಮಲೆನಾಡಿನ ಕಾಫಿ ತೋಟವೂ

ಅಮರಸಿಂಹನು ವನೌಷಧಿವರ್ಗದಲ್ಲಿ ಆರಾಮ, ಉಪವನ ಎಂಬ ಶಬ್ದಗಳಿಗೆ ಕೃತ್ರಿಮವನವೆಂದು ಅರ್ಥವನ್ನು ಹೇಳಿರುವನು. ಮನುಷ್ಯನು ಮಾಡಿದ ಕಾಡೆಂದು ತಾತ್ಪರ್ಯ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಹಸುರನ್ನು ಪರಸ್ಥಳದವರು ಕಾಡೆಂದೇ ಭಾವಿಸುವುದುಂಟು. ಅದರಲ್ಲಿ ಬಹುಭಾಗವು ಆರಾಮವೇ ಸರಿ. ಅದು ಈ ರೂಪವನ್ನು ತಳೆದುದು ಹೇಗೆಂಬುದು ವಿಚಾರಾರ್ಹವಾಗಿದೆ.

ಇಂಗ್ಲೆಂಡಿನಲ್ಲಿ ಇಂತಹ ವನರಚನೆಗೆ ಹೆಸರಾದವನು ಲ್ಯಾನ್ಸಲಾಟ್ ಬ್ರೌನ್ (1716–1783). ಪ್ರಭುಗಳ ಭವನಗಳ ಸುತ್ತ ಗೆರೆಯೆಳೆದಂತಿದ್ದ ಹೂದೋಟಗಳನ್ನು ತೆಗೆಸಿ, ಹುಲ್ಲಿನ ಇಳಿಜಾರು, ಅಲ್ಲಲ್ಲಿ ಮರಗಳ ಗುಂಪು, ತೊರೆಗೆ ಕಟ್ಟೆ ಹಾಕಿ ನಿಲ್ಲಿಸಿದ ಸರೋವರ ಇವುಗಳಿಂದ, ಎಲ್ಲವೂ ಪ್ರಕೃತಿಯ ಕೃತಿಯೆಂಬ ಭ್ರಾಂತಿಯನ್ನು ಆತನು ಹುಟ್ಟಿಸಿದನು. ಬ್ಲೆನಿಮ್ ಭವನದ ಸರೋವರವು ಇದಕ್ಕೆ ನಿದರ್ಶನ. ಈ ಸೌಂದರ್ಯಕ್ಕೆ ಬೆಲೆ ತೆತ್ತವರು ಬೇರೆಯವರು. ಡಾರ್ಸೆಟ್ ಸೀಮೆಯ ಮಿಲ್ಟನ್ ಪ್ರಭುವು ತನ್ನ ಪಾರ್ಕಿಗೆ ಅಡ್ಡವೆಂದು ಮಿಡಲ್ಟನ್ ಎಂಬ ಪೇಟೆಯನ್ನೇ ಕೆಡವಿಸಿ, 1780ರ ಸುಮಾರಿನಲ್ಲಿ ಭವನದಿಂದ ಕಾಣದ ಕಣಿವೆಯೊಂದರಲ್ಲಿ ಹೊಸ ಗ್ರಾಮವನ್ನು ಕಟ್ಟಿಸಿದನು.

ಅಂತಹ ದೇಶದಿಂದ ಬಂದ ದೊರೆಗಳು ನಮ್ಮ ಬೆಟ್ಟಗಳಲ್ಲಿಯೂ ಪಾರ್ಕನ್ನೇ ರಚಿಸಿದರೆಂದು ಊಹಿಸುವುದು ಸುಲಭ. ನಡೆದುದು ಬೇರೆ. ದೇಶೀಯರು ಮೊದಲಿನಿಂದಲೂ ಹಿತ್ತಿಲುಗಳಲ್ಲಿಯೂ ಕಾಡಿನ ನೆರಳಿನಲ್ಲಿಯೂ ಕಾಫಿಯನ್ನು ಬೆಳೆಯುತ್ತಿದ್ದರು. 1830ರ ಸುಮಾರಿನಲ್ಲಿ ಕ್ಯಾನನ್ ಎಂಬವನು ಬಾಬಾಬುಡನ್ ಗಿರಿಯ ದಕ್ಷಿಣದ ಸಾಲಿನಲ್ಲಿ ತೋಟವನ್ನು ತೆರೆದನು. ಅನಂತರ ಬಂದ ದೊರೆಗಳಲ್ಲಿ ಅನೇಕರು ಕಾಡನ್ನು ಕಡಿದು ಸುಟ್ಟು ಬಯಲಿನಲ್ಲಿಯೇ ಗಿಡವನ್ನು ನೆಟ್ಟರು. ಬಿಸಿಲು ಬಿದ್ದ ಕಾಂಡವೆಂದರೆ ಕಾಂಡಕೊರಕ ಹುಳುವಿಗೆ ಅತಿಪ್ರಿಯ. 1860ರ ದಶಕದಲ್ಲಿ ಅದು ತೋಟಗಳನ್ನು ಹಾಳುಗೆಡಹಿದ ಮೇಲೆ ಮರಗಳು ಮರಳಿ ಬೇಕಾದುವು. ಬ್ರೌನನು ಕಣ್ಣಿಗಾಗಿ ಮರವನ್ನು ನೆಟ್ಟನು. ಇಲ್ಲಿ ಹುಳುವು ನೆಡಿಸಿತು.

ಮಂಜರಾಬಾದಿನ ತೋಟಗಾರನಾದ ರಾಬರ್ಟ್ ಎಲಿಯಟನು ಸ್ಕಾಟ್ಲೆಂಡಿನಲ್ಲಿ ಕ್ಲಿಫ್ಟನ್ ಪಾರ್ಕ್ ಎಂಬ ಭೂಸ್ವತ್ತಿಗೂ ಒಡೆಯನಾಗಿದ್ದನು. ಎರಡು ಬಗೆಯ ವನಗಳನ್ನೂ ಬಲ್ಲವನೆಂಬುದರಿಂದ ಅವನ ಮಾತಿಗೆ ತೂಕವಿದೆ. ಮೂವತ್ತೆಂಟು ವರ್ಷಗಳ ಅನುಭವದ ಮೇಲೆ 1894ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ನೆರಳಿನ ಮರಗಳ ಗುಣದೋಷಗಳನ್ನು ವಿಸ್ತಾರವಾಗಿ ವಿಮರ್ಶಿಸಿರುವನು. ಬಸರಿ, ಗೋಣಿ ಮೊದಲಾದುವನ್ನು ಕನ್ನಡದ ಹೆಸರುಗಳಿಂದಲೇ ಕರೆದಿರುವನು. ಇದು ನನಗೆ ಮುಖ್ಯವಾಗಿ ತೋರುವ ಸಂಗತಿ. ಹೆಸರುಗಳೊಡನೆ ವಿದ್ಯೆಯೂ ಇಲ್ಲಿಯವರಿಂದಲೇ ಬಂದಿರಬೇಕಷ್ಟೆ. ಮಳೆಗಾಲಕ್ಕೆ ಮುನ್ನ ಎತ್ತರದ ಕೊಂಬೆಯನ್ನೇರಿ, ಯಾವುದನ್ನು ಕಡಿಯಬೇಕು, ಯಾವುದನ್ನು ಉಳಿಸಬೇಕೆಂದು ನಿಶ್ಚಯಿಸುವ ಮರಗಸಿಯವನೇ ಈ ವನದ ಬ್ರೌನನು. ಅವನ ಹೆಸರು ಮಾತ್ರ ಯಾವ ಗ್ರಂಥದಲ್ಲಿಯೂ ಇಲ್ಲ.

ಬಸರಿಯು ಸಂಸ್ಕೃತದ ಪ್ಲಕ್ಷ, ಅತ್ತಿಯು ಉದುಂಬರ. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಮರಕ್ಕೆ ನಿಘಂಟುಗಳಲ್ಲಿ ಸ್ಥಾನವಿಲ್ಲ. ಆದರೆ ನೆಟ್ಟಗೆ ಬೇಗನೆ ಬೆಳೆದು, ಮೆಣಸಿನ ಬಳ್ಳಿಗೂ ಆಸರೆಯಾಗಿ, ಅನೇಕ ತೋಟಗಳಲ್ಲಿ ಅದು ಈ ಹಳೆಯ ಮರಗಳ ಸ್ಥಾನವನ್ನು ಆಕ್ರಮಿಸಿದೆ.