ಕೈಮಾ ಕೆಂಪಗಿದ್ದ ಮಾತ್ರಕ್ಕೆ ಸುರಕ್ಷಿತವೇ?

ಭಾನುವಾರ ಬೆಳಗ್ಗೆ ತ್ಯಾಮಗೊಂಡ್ಲುವಿನ ಮಟನ್ ಅಂಗಡಿ ಮುಂದೆ ನಿಂತವರು ಮೊದಲು ನೋಡೋದು ಬಣ್ಣ. ಕೆಂಪಗಿದ್ದರೆ ಇವತ್ತಿನದು, ಕಂದಾಗಿದ್ದರೆ ನಿನ್ನೆಯದು. ಇಡೀ ತುಂಡಿಗೆ ಈ ಲೆಕ್ಕ ಅಷ್ಟಿಷ್ಟು ನಡೆಯುತ್ತೆ. ಕೈಮಾಕ್ಕೆ ನಡೆಯಲ್ಲ.

ಮಾಂಸದ ಬಣ್ಣ ರಕ್ತದ್ದು ಅಂತ ನಾವು ಅಂದುಕೊಂಡಿದ್ದೇವೆ. ಮುಖ್ಯವಾಗಿ ಅದು ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನದು. ಗಾಳಿ ತಾಗದಿದ್ದಾಗ ಅದು ನೇರಳೆ. ಗಾಳಿ ತಾಗಿದರೆ ಕೆಂಪು. ಹೊತ್ತು ಹೋದಂತೆ ಅದರೊಳಗಿನ ಕಬ್ಬಿಣ ಆಕ್ಸಿಡೀಕರಣಗೊಂಡು ಕಂದು. ಕೈಮಾ ಪೊಟ್ಟಣ ಬಿಚ್ಚಿದಾಗ ಮೇಲೆ ಕೆಂಪು, ಒಳಗೆ ಕಂದು ಇದ್ದರೆ 'ಹಳೇದು ಬೆರೆಸಿದ್ದಾನೆ' ಅಂತ ತಕ್ಷಣ ಜಗಳಕ್ಕೆ ಇಳಿಯಬೇಕಿಲ್ಲ. ಒಳಗಿನ ಪದರಕ್ಕೆ ಗಾಳಿ ಸಾಲದೇ ಇದ್ದಿರಬಹುದು.

ಪ್ರಾಣಿಯ ವಯಸ್ಸೂ ಬಣ್ಣ ಬದಲಿಸುತ್ತೆ. ವಯಸ್ಸಾದಷ್ಟೂ ಮಯೋಗ್ಲೋಬಿನ್ ಜಾಸ್ತಿ, ಮಾಂಸ ಗಾಢ. ರಾಜ್ಯದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ 13 ವರ್ಷಕ್ಕಿಂತ ಕಡಿಮೆ ವಯಸ್ಸಿನ ಎಮ್ಮೆ, ಕೋಣಗಳನ್ನೂ ಕಡಿಯುವಂತಿಲ್ಲ. ಹಸು, ಎತ್ತುಗಳಂತೂ ಯಾವ ವಯಸ್ಸಿನವೂ ಇಲ್ಲ. ಹಾಗಾಗಿ ಇಲ್ಲಿ ಕಾನೂನು ಪ್ರಕಾರ ಸಿಗುವ ಬೀಫ್ ಅಂದರೆ ಮುದಿ ಎಮ್ಮೆಯದ್ದು, ಹುಟ್ಟಾ ಕಪ್ಪುಗೆಂಪು. ಅದನ್ನ ನೋಡಿ ಹಳಸಿದೆ ಅನ್ನೋದು ತಪ್ಪು.

ಇಷ್ಟೆಲ್ಲ ಬಣ್ಣದ ಕಥೆ. ಕಾಯಿಲೆ ತರೋ ಬ್ಯಾಕ್ಟೀರಿಯಾಕ್ಕೆ ಬಣ್ಣವೇ ಇಲ್ಲ. ದನ, ಎಮ್ಮೆ, ಕುರಿ, ಮೇಕೆಗಳ ಕರುಳಿನಲ್ಲಿ ಇ. ಕೋಲಿಯ ಕೆಲವು ಅಪಾಯಕಾರಿ ತಳಿಗಳು ಇರಬಹುದು. ಕಡಿಯುವಾಗ ಅವು ಮಾಂಸದ ಮೇಲ್ಮೈಗೆ ಅಂಟುತ್ತವೆ. ತುಂಡಾದರೆ ಹೊರಗೆ ಕಾವು ತಾಗಿದ ಕೂಡಲೇ ಬಹುಪಾಲು ಸಾಯುತ್ತವೆ. ಆದರೆ ಕೈಮಾ ಹೊಡೆಸಿದಾಗ ಹೊರಗಿದ್ದದ್ದೆಲ್ಲ ಒಳಗೆ ಹೋಗುತ್ತೆ. ಜೊತೆಗೆ ಮಿಷನ್ನಿನ ಹಲ್ಲಲ್ಲಿ ಸಿಕ್ಕಿಕೊಂಡ ಹಿಂದಿನ ಗಿರಾಕಿಯ ಮಾಂಸದ ಚೂರು ಬೇರೆ. ಹದವಾದ ಬೆಚ್ಚಗಿನಲ್ಲಿ ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲದು: ಮೂರು ಗಂಟೆಯಲ್ಲಿ ಒಂದು ಐನೂರಾಗುತ್ತೆ. (ಇಂಜಿನಿಯರಿಂಗ್ ಓದಿದ್ದಕ್ಕೆ ಈ ಲೆಕ್ಕವಾದರೂ ಉಪಯೋಗಕ್ಕೆ ಬಂತು.)

1993ರಲ್ಲಿ ಅಮೆರಿಕದ ಜಾಕ್ ಇನ್ ದ ಬಾಕ್ಸ್ ಹೋಟೆಲುಗಳ ಸರಿಯಾಗಿ ಬೇಯದ ಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ಸತ್ತರು. ಈ ತಳಿ ಚಿಕ್ಕ ಮಕ್ಕಳ ಕಿಡ್ನಿಯನ್ನೇ ಕೆಡಿಸಬಲ್ಲದು. ಆಮೇಲೆ ಅಲ್ಲಿ ನಡೆದ ಪರೀಕ್ಷೆಗಳಲ್ಲಿ ಗೊತ್ತಾದ ಇನ್ನೊಂದು ಸಂಗತಿ: ಹಸಿಯಲ್ಲೇ ಕಂದು ತಿರುಗಿದ ಕೈಮಾ, ಒಳಗೆ ಸಾಕಷ್ಟು ಬಿಸಿಯಾಗುವ ಮುಂಚೆಯೇ ಬೆಂದಂತೆ ಕಾಣುತ್ತೆ. ಬೇಕಾದದ್ದು ಒಳಗೆ 71 ಡಿಗ್ರಿ ಸೆಲ್ಸಿಯಸ್.

ಈ ವಿಷಯದಲ್ಲಿ ನಮ್ಮ ಕಡೆಯ ಕೈಮಾ ಉಂಡೆ ಸಾರು ಜಾಣ ಅಡುಗೆ. ನಮ್ಮ ಎತ್ತರದಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತೆ. ಕುದಿಯುವ ಸಾರಿನಲ್ಲಿ ಉಂಡೆ ಹದಿನೈದಿಪ್ಪತ್ತು ನಿಮಿಷ ಬೆಂದರೆ ನಡುವಿಗೂ ಕಾವು ಮುಟ್ಟುತ್ತೆ. ಭಯ ಇರೋದು ಕೈಮಾ ವಡೆಯದ್ದು. ಜೋರು ಎಣ್ಣೆಯಲ್ಲಿ ಎರಡೇ ನಿಮಿಷಕ್ಕೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ಹಸಿ. ತೆಳ್ಳಗೆ ತಟ್ಟಿ, ಉರಿ ಇಳಿಸಿ ಕರೀಬೇಕು. ಹಸಿ ಕೈಮಾ ತೊಳೆದರೆ ಒಳಗೆ ಸೇರಿದ್ದು ಹೋಗಲ್ಲ. ಸಿಂಕಿನ ಸುತ್ತ ಸಿಡಿಯುತ್ತೆ ಅಷ್ಟೇ.

ಡಬ್ಬಿ ಬೀಫ್ ಕಥೆ ಉಲ್ಟಾ. ಗಲ್ಫ್‌ನಲ್ಲಿರುವ ನಮ್ಮವರು ಸೂಪರ್ ಮಾರ್ಕೆಟಿನಲ್ಲಿ ನೋಡುವ ಕಾರ್ನ್ಡ್ ಬೀಫ್ ಬೆಂದ ಮೇಲೂ ಗುಲಾಬಿ, ಅದು ನೈಟ್ರೈಟ್ ಉಪ್ಪಿನ ಕೆಲಸ. ಅಲ್ಲಿ ನೋಡಬೇಕಾದದ್ದು ಡಬ್ಬಿಯನ್ನ. ಉಬ್ಬಿದ್ದರೆ, ಸೋರುತ್ತಿದ್ದರೆ, ಬೆಸುಗೆ ಮೇಲೇ ಜಜ್ಜಿದ್ದರೆ ರುಚಿ ಕೂಡ ನೋಡದೆ ಎಸೆಯಿರಿ; ಬೊಟುಲಿನಮ್ ವಿಷಕ್ಕೆ ವಾಸನೆ ಇರಲೇಬೇಕು ಅಂತೇನಿಲ್ಲ.

ಅಂಗಡಿಯಲ್ಲಿ ಕೇಳೋದಕ್ಕೆ ನಾಚಿಕೆ ಬೇಡ: ತುಂಡು ಆರಿಸಿ, ಮಿಷನ್ ಬಿಚ್ಚಿ ತೊಳೆಸಿ, ಕಣ್ಣೆದುರೇ ಹೊಡೆಸಿ. ಬೇಗ ಹೋದರೆ ಇನ್ನೂ ಒಳ್ಳೇದು. ಮನೆಗೆ ತಂದಿದ್ದನ್ನ ಎರಡು ಗಂಟೆಯೊಳಗೆ ಒಲೆಗೋ ಫ್ರಿಜ್ಜಿಗೋ ಸೇರಿಸಿ.