ಪೂರ್ವಗೃಹೀತವೂ ಪೂರ್ವಗ್ರಹವೂ: ಸುದ್ದಿ ಸಂದರ್ಶನದ ಪ್ರಶ್ನಾರೂಪಗಳು

ಸಂದರ್ಶಕರ ಪಕ್ಷಪಾತವನ್ನು ಸಾಮಾನ್ಯವಾಗಿ ವಿಷಯದ ಆಯ್ಕೆಯಲ್ಲಿ ಹುಡುಕಲಾಗುತ್ತದೆ. ಆದರೆ ವಿಷಯ ಒಂದೇ ಆಗಿದ್ದರೂ ಪ್ರಶ್ನೆಯ ರಚನೆ ಕೇಳುಗರ ಗ್ರಹಿಕೆಯನ್ನು ಬದಲಿಸಬಲ್ಲದು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಗೆ ಸಂಬಂಧಿಸಿದ ಭದ್ರಾ ಮೇಲ್ದಂಡೆ ಯೋಜನೆಗೆ 2023–24ರ ಕೇಂದ್ರ ಆಯವ್ಯಯವು 5,300 ಕೋಟಿ ರೂಪಾಯಿ ನೆರವನ್ನು ಘೋಷಿಸಿತು. ಅದರ ಬಿಡುಗಡೆ ಕೇಂದ್ರ–ರಾಜ್ಯಗಳ ನಡುವೆ ವಿವಾದವಾಯಿತು. ಈ ಬಗ್ಗೆ ಕೇಂದ್ರದ ಪ್ರತಿನಿಧಿಯೊಬ್ಬರಿಗೆ ಕೇಳಬಹುದಾದ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ರಚಿಸಿಕೊಳ್ಳಲಾಗಿದೆ:

(1) ಹಣ ಬಂದಿದೆಯೇ?
(2) ಹಣ ಬಂದಿಲ್ಲ, ಅಲ್ಲವೇ?
(3) ಹಣ ಏಕೆ ಬಂದಿಲ್ಲ?
(4) ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ಹೇಳುತ್ತಿದೆ, ತಮ್ಮ ಉತ್ತರವೇನು?

(1)ರಲ್ಲಿ ‘-ಏ’ ಪ್ರತ್ಯಯವು ಎರಡೂ ಉತ್ತರಗಳಿಗೆ ಎಡೆಗೊಡುತ್ತದೆ. (2)ರ ‘ಅಲ್ಲವೇ’ ಸಮ್ಮತಿಯನ್ನು ನಿರೀಕ್ಷಿಸುತ್ತದೆ. (3)ರಲ್ಲಿ ಹಣ ಬಾರದಿರುವುದು ಪೂರ್ವಗೃಹೀತ. ಒಪ್ಪದವರು ಮೊದಲು ಪ್ರಶ್ನೆಯನ್ನೇ ನಿರಾಕರಿಸಬೇಕಾಗುತ್ತದೆ, ಆಗ ಜಾರಿಕೊಂಡಂತೆ ಕಾಣುತ್ತಾರೆ. (4)ರ ‘ಎಂದು’ ಮಾತಿನ ಹೊಣೆಯನ್ನು ಮೂರನೆಯವರಿಗೆ ವರ್ಗಾಯಿಸುತ್ತದೆ. ಕ್ಲೇಮನ್ ಮತ್ತು ಹೆರಿಟೇಜ್ 2002ರಲ್ಲಿ ಇಂಗ್ಲಿಷ್ ಸಂದರ್ಶನಗಳ ಬಗ್ಗೆ ವಿವರಿಸಿದ ತಟಸ್ಥತೆಯ ತಂತ್ರವಿದು. ಆದರೂ ಯಾರ ಮಾತನ್ನು ಉದ್ಧರಿಸಬೇಕೆಂಬುದು ಸಂದರ್ಶಕರ ಆಯ್ಕೆಯೇ.

ಪೂರ್ವಗೃಹೀತವೆಲ್ಲ ಪೂರ್ವಗ್ರಹವಲ್ಲ. ಸ್ಥಾಪಿತ ಸಂಗತಿಯನ್ನು ಆಧರಿಸಿದ್ದರೆ (3) ನ್ಯಾಯವಾದ ಪ್ರಶ್ನೆಯೇ. ಆದ್ದರಿಂದ ಪಕ್ಷಪಾತವನ್ನು ಬಿಡಿ ವಾಕ್ಯದಿಂದಲ್ಲ, ಯಾವ ಪಕ್ಷದವರಿಗೆ ಯಾವ ರೂಪ ಮರುಕಳಿಸುತ್ತದೆ ಎಂಬ ಹಂಚಿಕೆಯಿಂದ ಅಳೆಯಬೇಕು.