ಆಯಿ ಒಬ್ಬಳೇ ವಿಮಾನ ಹತ್ತುವಾಗ

"ಯಂಗೆ ಎಂತಾ ಆಜು ತಮಾ? ಗಾಲಿಕುರ್ಚಿ ಎಂತಕೆ?"

ಮುಂಬೈಗೆ ಟಿಕೆಟ್ ಮಾಡ್ತೀನಿ, ವೀಲ್‌ಚೇರ್ ಕೂಡ ಹೇಳ್ತೀನಿ ಅಂದಾಗ ಶಿರಸಿಯಿಂದ ಆಯಿ ಕೊಟ್ಟ ಉತ್ತರ ಇದು. ವಯಸ್ಸು 71. ಮಂಡಿನೋವಿದ್ದರೂ ದಿನಾ ಅಡಿಕೆ ತೋಟಕ್ಕೆ ಇಳಿದು ಹತ್ತುವವಳು. ನಾನೂ ಸುಮ್ಮನಾದೆ. ಅದೇ ತಪ್ಪಾಯ್ತು.

ಹುಬ್ಬಳ್ಳಿಯವರೆಗೆ ಸುಮಾರು ನೂರು ಕಿಲೋಮೀಟರ್ ಕಾರಿನಲ್ಲಿ ಕೂತು ಕಾಲು ಹಿಡಿದುಕೊಂಡಿತ್ತು. ಮುಂಬೈಯಲ್ಲಿ ಇಳಿದರೆ ಮುಗಿಯದ ನಡಿಗೆ. ಫೋನ್ ಇನ್ನೂ ಫ್ಲೈಟ್ ಮೋಡ್‌ನಲ್ಲೇ ಇತ್ತು. ನಾನು ಹೊರಗೆ ಒಂದೂವರೆ ಗಂಟೆ ಕಾದೆ. ಕೊನೆಗೆ ಯಾರೋ ಹುಡುಗಿಯ ಫೋನಿನಿಂದ ಕರೆ ಬಂತು. ಲಗೇಜ್ ಬರುವ ಜಾಗದ ಹತ್ತಿರ ಆಯಿ ನೆಲದ ಮೇಲೆ ಕೂತುಬಿಟ್ಟಿದ್ದಳು.

ಮುಂದಿನ ಸಲ ನಾನು ಕೇಳಲಿಲ್ಲ, ಬುಕ್ ಮಾಡಿಯೇಬಿಟ್ಟೆ. ನಿಮಗೂ ಉಪಯೋಗವಾಗಬಹುದು, ನೋಡಿ.

ಯಾವಾಗ ಹೇಳಬೇಕು? ಟಿಕೆಟ್ ಮಾಡುವಾಗಲೇ ಹೇಳಿದರೆ ಒಳ್ಳೇದು. ತಡವಾದರೂ ಹೊರಡುವ 48 ಗಂಟೆ ಮೊದಲು ಹೇಳಿ. ನಡೆಯಲು ಕಷ್ಟ ಇರುವವರಿಗೆ ಇದು ಉಚಿತ.

ಏನು ಹೇಳಬೇಕು? ಬರೀ "ವೀಲ್‌ಚೇರ್ ಬೇಕು" ಅಂದರೆ ಸಾಲದು. ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು ಅಂದರೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲೂ ಆಗದು ಅಂದರೆ ಡಬ್ಲ್ಯುಸಿಎಚ್‌ಎಸ್. ಸೀಟಿನವರೆಗೂ ಕರೆದೊಯ್ಯಬೇಕು ಅಂದರೆ ಡಬ್ಲ್ಯುಸಿಎಚ್‌ಸಿ. ನಮ್ಮ ಕಡೆ ಬರುವ ಸಣ್ಣ ವಿಮಾನಗಳಿಗೆ ಏರೋಬ್ರಿಡ್ಜ್ ಸಿಗೋದು ಅಪರೂಪ. ಅದಕ್ಕೇ ಮೆಟ್ಟಿಲಿನ ವಿಷಯ ಮರೆಯದೆ ಹೇಳಿ. ಸಿದ್ದಾಪುರದವರು ಶಿವಮೊಗ್ಗದಿಂದ ಹೊರಟರೂ ಕ್ರಮ ಇದೇ.

ಆಮೇಲೆ? ಹಿಂದಿನ ದಿನ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಕರೆದೊಯ್ಯಲು ಬರುವವರ ಹೆಸರು, ನಂಬರ್ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಇಳಿದ ಮೇಲೆ ಕುರ್ಚಿ ಬರುವ ತನಕ ಸೀಟಿನಲ್ಲೇ ಕೂತಿರಲು ಹೇಳಿ.

ಈ ಕೊನೆಯ ಮಾತು ಸಣ್ಣದಲ್ಲ. 2024ರ ಫೆಬ್ರವರಿಯಲ್ಲಿ ಮುಂಬೈ ನಿಲ್ದಾಣದಲ್ಲಿ ವೃದ್ಧ ದಂಪತಿಗೆ ಸಿಕ್ಕಿದ್ದು ಒಂದೇ ಕುರ್ಚಿ. ಹೆಂಡತಿಯನ್ನು ಕೂರಿಸಿ ಜೊತೆಗೆ ನಡೆದ 80 ವರ್ಷದ ಗಂಡ ಕುಸಿದು ತೀರಿಕೊಂಡರು. ಡಿಜಿಸಿಎ ವಿಮಾನ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಅಪ್ಪ-ಅಮ್ಮ ಇಬ್ಬರೂ ಹೊರಟರೆ ಎರಡು ಕುರ್ಚಿ ಕೇಳಿ. ಇನ್ನೊಂದು ಬರುವವರೆಗೆ ಕಾಯಲು ಹೇಳಿ.

ಎರಡನೇ ಸಲ ಆಯಿ ಕುರ್ಚಿಯಲ್ಲಿ ಕೂತೇ ಹೊರಗೆ ಬಂದಳು. ಮುಖದಲ್ಲಿ ಸ್ವಲ್ಪ ನಾಚಿಕೆ. ತಳ್ಳಿಕೊಂಡು ಬಂದ ಹುಡುಗನ ಕೈಯಲ್ಲಿ ನನಗೆ ಅಂತ ತಂದಿದ್ದ ತೊಡೆದೇವಿನ ಅರ್ಧ ಪಾಲು!

ಅವತ್ತು ರಾತ್ರಿ ಯಲ್ಲಾಪುರದ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳ್ತಿದ್ದಳು: "ಗಾಲಿಕುರ್ಚಿ ಹೇಳಿಕ್ಕೇ ಹೋಗು ಮಾರಾಯ್ತಿ, ನಾಚ್ಕೆ ಎಂತಕೆ?"